ಒತ್ತಡ ಒಂದೇ, ಗುಳಿಗೆ ಬೇರೆ

[ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ]



ವಾರಕ್ಕೊಂದು ದಿನ ಸಿಕ್ಕುವ ಬಿಡುವನ್ನು ಇಂತಹ ಒಣ ವಿಷಯಕ್ಕೆ ಕೊಡಲು ನೀವು ಇಷ್ಟು ಮಂದಿ ಬಂದಿರುವುದು ನಮಗೆ ಸಂತೋಷವನ್ನು ತಂದಿದೆ. ನಿಮ್ಮಲ್ಲಿ ಕೆಲವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿದ್ದೀರಿ. ಆದ್ದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ರಕ್ತದ ಒತ್ತಡ, ಎಲ್ಲರ ಬಾಯಲ್ಲಿರುವಂತೆ ‘ಬೀಪಿ’, ಇದರ ಬಗೆಗೆ ನೀವು ಬೇಕಾದಷ್ಟು ಉಪದೇಶ ಕೇಳಿದ್ದೀರಿ. ಉಪ್ಪು ಕಡಮೆ ಮಾಡಿ, ಬೀಡಿ ಬಿಡಿ, ಕುಡಿತ ಬಿಡಿ, ದಿನವೂ ನಡೆಯಿರಿ. ಅವೆಲ್ಲ ನಿಜವಾದ ಮಾತುಗಳೇ. ಇಂದು ನಾವು ಹೇಳಬೇಕೆಂದಿರುವುದು ಗುಳಿಗೆಯ ಆಯ್ಕೆಯ ವಿಚಾರ. ಒತ್ತಡಕ್ಕೆ ಗುಳಿಗೆ ಒಂದಲ್ಲ, ಹಲವು. ಯಾರಿಗೆ ಯಾವುದು ಎಂಬುದನ್ನು ಗೊತ್ತುಮಾಡುವುದು ಒತ್ತಡದ ಅಂಕಿಯೊಂದೇ ಅಲ್ಲ. ಆ ಮನುಷ್ಯನಿಗೆ ಇರುವ ಬೇರೆ ಕಾಯಿಲೆಗಳೂ ಅದನ್ನು ಗೊತ್ತುಮಾಡುತ್ತವೆ.

ಈ ಮಾತನ್ನು ಈ ಸಭೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರು ಒಂದು ಕೋಣೆಯಲ್ಲಿ ನಾಲ್ಕಾರು ಮಂದಿ ಇರುತ್ತಾರೆ. ಸೋಪು, ಛತ್ರಿ, ಊರಿನಿಂದ ಬಂದ ಚಟ್ನಿಪುಡಿ, ಎಲ್ಲವೂ ಹಂಚಿಕೆಯ ವಸ್ತುಗಳು. ಗುಳಿಗೆಯೂ ಹಾಗೆಯೇ ಆಗಿಬಿಟ್ಟಿದೆ. “ತಲೆ ಸುತ್ತುತ್ತದೆಯೆ? ನಿನಗೂ ಬೀಪಿಯೇ ಇರಬೇಕು. ನನ್ನದೊಂದು ನುಂಗು, ನನಗೆ ಚೆನ್ನಾಗಿ ಹಿಡಿದಿದೆ” ಎನ್ನುವುದುಂಟು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ; ಗೆಳೆಯನ ಗುಳಿಗೆಗೆ ಕಾಸಿಲ್ಲ. ಸ್ನೇಹದಿಂದ ಮಾಡುವ ಈ ಕೆಲಸದಲ್ಲಿ ಎಂತಹ ಅಪಾಯವಿದೆ ಎಂಬುದನ್ನು ತಿಳಿಸುವುದೇ ನಮ್ಮ ಉದ್ದೇಶ.

ಮೊದಲು ಅಳತೆಯ ಮಾತು. ತಲೆ ಸುತ್ತಿದ ಮಾತ್ರಕ್ಕೆ ಒತ್ತಡ ಹೆಚ್ಚಿದೆ ಎನ್ನಲಾಗದು. ಹಸಿವಿನಿಂದಲೂ, ನಿದ್ದೆಗೇಡಿನಿಂದಲೂ, ಒತ್ತಡ ತೀರ ಇಳಿದಾಗಲೂ ತಲೆ ಸುತ್ತುತ್ತದೆ. ಅದೇ ರೀತಿ, ಒತ್ತಡ ೧೮೦ ಇದ್ದರೂ ಏನೂ ತೋರದೆ ಓಡಾಡುವವರು ಬೇಕಾದಷ್ಟಿದ್ದಾರೆ. ಅಳೆದ ಹೊರತು ತಿಳಿಯುವುದಿಲ್ಲ. ಅಳೆಯುವ ಮೊದಲು ಐದು ನಿಮಿಷ ಬೆನ್ನಾನಿಸಿ ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆಯ ಮೊದಲಿನಿಂದ ಚಹ, ಕಾಫಿ, ಬೀಡಿ, ತಂಬಾಕು ಕೂಡದು. ತೋಳು ಎದೆಯ ಮಟ್ಟದಲ್ಲಿರಬೇಕು. ಬೇರೆ ಬೇರೆ ದಿನಗಳಲ್ಲಿ ಹೀಗೆ ಅಳೆದಾಗ ಮೇಲಿನ ಅಂಕಿ ೧೪೦ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೆ ಕೆಳಗಿನ ಅಂಕಿ ೯೦ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಗ ಅದನ್ನು ರೋಗವೆಂದು ಎಣಿಸುತ್ತಾರೆ. ಲೋಕಲ್ ಗಾಡಿಯಿಂದ ಇಳಿದು ಮೆಟ್ಟಿಲು ಹತ್ತಿ ಓಡಿಬಂದವನ ಒತ್ತಡ ಅಳೆದರೆ ಸಿಕ್ಕುವುದು ಓಟದ ಲೆಕ್ಕ.

ಇನ್ನು ಗುಳಿಗೆಗಳು ಕೆಲಸ ಮಾಡುವ ಬಗೆ. ನಾವಿರುವ ಕಟ್ಟಡದ ನೀರಿನ ವ್ಯವಸ್ಥೆಯನ್ನು ನೆನೆದುಕೊಳ್ಳಿ. ಕೆಳಗೆ ಪಂಪು, ಅಲ್ಲಿಂದ ಮೇಲಕ್ಕೆ ಕೊಳವೆಗಳು, ಒಳಗೆ ನೀರು. ಕೊಳವೆಯಲ್ಲಿ ಒತ್ತಡ ಹೆಚ್ಚಾದರೆ ಇಳಿಸುವ ದಾರಿಗಳು ನಾಲ್ಕು. ನೀರನ್ನು ಕಡಮೆ ಮಾಡಬಹುದು, ಪಂಪಿನ ಓಟ ತಗ್ಗಿಸಬಹುದು, ಕೊಳವೆಯನ್ನು ಅಗಲಗೊಳಿಸಬಹುದು, ‘ಒತ್ತಡ ಏರಿಸು’ ಎಂದು ಅಪ್ಪಣೆ ಕೊಡುವವನ ಬಾಯಿ ಕಟ್ಟಬಹುದು. ಗುಳಿಗೆಗಳ ಮುಖ್ಯ ಮನೆತನಗಳೂ ಹೀಗೆ ನಾಲ್ಕು.

ಮೂತ್ರವನ್ನು ಹೆಚ್ಚಿಸಿ ಉಪ್ಪು ನೀರುಗಳನ್ನು ಹೊರಹಾಕುವವು ಮೊದಲನೆಯವು: ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್. ಹೃದಯದ ಬಡಿತವನ್ನು ತಗ್ಗಿಸುವವು ಎರಡನೆಯವು: ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್. ರಕ್ತನಾಳಗಳನ್ನು ಸಡಿಲಿಸುವವು ಮೂರನೆಯವು. ಆಮ್ಲೋಡಿಪಿನ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಇನ್ನು ಮೂತ್ರಪಿಂಡದಿಂದ ಹೊರಟು ರಕ್ತನಾಳಗಳನ್ನು ಬಿಗಿಸುವ ಅಪ್ಪಣೆಯೊಂದಿದೆ. ಅದನ್ನು ತಡೆಯುವವು ನಾಲ್ಕನೆಯವು. ಇವುಗಳಲ್ಲಿ ಎರಡು ಶಾಖೆ: ಎನಾಲಾಪ್ರಿಲ್, ರಾಮಿಪ್ರಿಲ್ ಮುಂತಾದ ‘ಪ್ರಿಲ್’ಗಳು, ಲೋಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ ‘ಸಾರ್ಟನ್’ಗಳು. ಹೆಸರಿನ ಬಾಲವನ್ನು ನೋಡಿದರೆ ಮನೆತನ ಸಾಮಾನ್ಯವಾಗಿ ತಿಳಿಯುತ್ತದೆ. ಕಚೇರಿಯಲ್ಲಿ ಕಡತ ನೋಡಿ ಅಭ್ಯಾಸವಿರುವ ನಿಮಗೆ ಇದು ಕಷ್ಟವಲ್ಲ.

ಒಂದು ಔಷಧ ಎಲ್ಲರಿಗೂ ಸಲ್ಲುವುದಿಲ್ಲ ಎಂಬ ಪಾಠವನ್ನು ನಮ್ಮ ದೇಶದ ಒಂದು ಬೇರೇ ಕಲಿಸಿದೆ. ಸರ್ಪಗಂಧಿಯ ಹೆಸರನ್ನು ನೀವು ಕೇಳಿದ್ದೀರಿ. ೧೯೩೧ರಲ್ಲಿ ಸೇನ್ ಮತ್ತು ಬೋಸ್ ಎಂಬ ಇಬ್ಬರು ಭಾರತೀಯರು ಅದು ರಕ್ತದ ಒತ್ತಡವನ್ನು ಇಳಿಸುತ್ತದೆಂದು ಪ್ರಕಟಿಸಿದರು. ಈ ಮುಂಬಯಿಯಲ್ಲೇ ಡಾಕ್ಟರ್ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಮೇಲೆ ಅದರ ಗುಣವನ್ನು ಪರೀಕ್ಷಿಸಿ ೧೯೪೯ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಕಣ್ಣು ತೆರೆಯಿತು. ೧೯೫೨ರಲ್ಲಿ ಆ ಬೇರಿನ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ವಕೀಲರಿಗೆ ೧೯೫೭ರಲ್ಲಿ ಅಮೆರಿಕದ ಲಾಸ್ಕರ್ ಪಾರಿತೋಷಕವೂ ದೊರೆಯಿತು. ಒತ್ತಡ ಇಳಿಯಿತು ನಿಜ. ಆದರೆ ಅದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಮನಸ್ಸು ಕುಗ್ಗಿ ಗಾಢವಾದ ವಿಷಣ್ಣತೆ ಬಂದ ವರದಿಗಳೂ ಬಂದವು. ಮೊದಲೇ ಮನೋವ್ಯಾಧಿಯಿಂದ ಕುಗ್ಗಿದವರಿಗೆ ಇದನ್ನು ಕೊಡಕೂಡದು ಎಂಬ ಎಚ್ಚರಿಕೆ ಹುಟ್ಟಿದ್ದು ಆಗ. ಔಷಧ ಕೆಟ್ಟದ್ದಾಗಿರಲಿಲ್ಲ, ಅದು ಎಲ್ಲರಿಗೂ ಹೇಳಿದ್ದಾಗಿರಲಿಲ್ಲ, ಅಷ್ಟೆ.

ಹಾಗಾದರೆ ಬೇರೆ ಕಾಯಿಲೆ ಇಲ್ಲದವರ ಗತಿ ಏನು ಎಂದರೆ, ಅವರಿಗೆ ಚಿಂತೆ ಕಡಮೆ. ಅಮೆರಿಕದಲ್ಲಿ ೩೩ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಕ್ಲೋರ್‌ಥಾಲಿಡೋನ್, ಆಮ್ಲೋಡಿಪಿನ್, ಲಿಸಿನೋಪ್ರಿಲ್ ಈ ಮೂರನ್ನೂ ಹೋಲಿಸಿ ನೋಡಿದರು. ಹೃದಯಾಘಾತವನ್ನು ತಡೆಯುವುದರಲ್ಲಿ ಮೂರೂ ಒಂದಕ್ಕೊಂದು ಸರಿಸಮವಾಗಿ ನಿಂತವು. ಬೆಲೆಯಲ್ಲಿ ಹಳೆಯ ಕ್ಲೋರ್‌ಥಾಲಿಡೋನ್ ಅಗ್ಗ. ದುಬಾರಿ ಗುಳಿಗೆಯೇ ಒಳ್ಳೆಯ ಗುಳಿಗೆ ಎಂಬ ಭ್ರಮೆ ಬೇಡ. ಒತ್ತಡ ಇಳಿಯುವುದು ಮುಖ್ಯ. ಬೇರೆ ಕಾಯಿಲೆ ಜತೆಗೂಡಿದಾಗ ಮಾತ್ರ ಆಯ್ಕೆಯ ಪ್ರಶ್ನೆ ದೊಡ್ಡದಾಗುತ್ತದೆ.

ಅದನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಕೋಣೆಯಲ್ಲಿ ನಾಲ್ವರು ಕನ್ನಡಿಗರು ಇದ್ದಾರೆ ಎಂದಿಟ್ಟುಕೊಳ್ಳಿ. ಚಿಕಿತ್ಸೆಗೆ ಮೊದಲು ನಾಲ್ವರ ಒತ್ತಡವೂ ೧೬೦ಕ್ಕೆ ೧೦೦.

ಮೊದಲನೆಯವರು ಗುಮಾಸ್ತರು, ವಯಸ್ಸು ನಲವತ್ತೈದು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ಸೋರುತ್ತಿದೆ. ಇದು ಮೂತ್ರಪಿಂಡ ಸವೆಯುತ್ತಿರುವ ಗುರುತು. ಇವರಿಗೆ ವೈದ್ಯರು ಒಂದು ‘ಪ್ರಿಲ್’ ಅಥವಾ ಒಂದು ‘ಸಾರ್ಟನ್’ ಗುಳಿಗೆಯನ್ನು ಆರಿಸುತ್ತಾರೆ. ಒತ್ತಡವನ್ನು ಇಳಿಸುವುದರ ಜತೆಗೆ ಇವು ಮೂತ್ರಪಿಂಡದ ಸವೆತವನ್ನೂ ನಿಧಾನಗೊಳಿಸುತ್ತವೆ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಕೊಟ್ಟರೆ ಲಾಭಕ್ಕಿಂತ ಹಾನಿ ಹೆಚ್ಚು. ಗುಳಿಗೆ ಮೊದಲು ಮಾಡುವ ಮುಂಚೆ ಒಮ್ಮೆ, ಒಂದೆರಡು ವಾರದ ಮೇಲೆ ಒಮ್ಮೆ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡಬೇಕು. ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಇವರಿಗೆ ಬಡಿತ ತಗ್ಗಿಸುವ ‘ಒಲಾಲ್’ ಕೊಡುವಾಗಲೂ ಯೋಚಿಸಬೇಕು. ಸಕ್ಕರೆಯ ಔಷಧ ಹೆಚ್ಚಾಗಿ ರಕ್ತದ ಸಕ್ಕರೆ ತೀರ ಇಳಿದಾಗ ಎದೆ ಡವಗುಟ್ಟಿ ಕೈ ನಡುಗಿ ಎಚ್ಚರಿಕೆ ಸಿಕ್ಕುತ್ತದೆ. ‘ಒಲಾಲ್’ ಗುಳಿಗೆ ಆ ಎಚ್ಚರಿಕೆಯನ್ನು ಮುಚ್ಚಿಬಿಡಬಹುದು.

ಎರಡನೆಯವರು ಹೋಟೆಲಿನ ಅಡಿಗೆಯವರು. ಬಾಲ್ಯದಿಂದ ಉಬ್ಬಸ. ಮಳೆಗಾಲದಲ್ಲಿಯೂ ಒಗ್ಗರಣೆಯ ಹೊಗೆಯಲ್ಲಿಯೂ ಉಸಿರು ಕಟ್ಟುತ್ತದೆ. ಇಂತಹವರಿಗೆ ಪ್ರೊಪ್ರನೊಲಾಲ್ ಶತ್ರು. ಅದು ಹೃದಯವನ್ನು ನಿಧಾನ ಮಾಡುವುದರ ಜತೆಗೆ ಶ್ವಾಸನಾಳಗಳನ್ನೂ ಬಿಗಿಸುತ್ತದೆ. ಒಂದೇ ಗುಳಿಗೆಯಿಂದ ಉಬ್ಬಸ ಕೆರಳಿ ಪ್ರಾಣಕ್ಕೆ ಬರಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ಸ್ವಲ್ಪ ಸೌಮ್ಯವಾದರೂ ವೈದ್ಯರ ಕಣ್ಣಳತೆಯಲ್ಲಲ್ಲದೆ ತೆಗೆದುಕೊಳ್ಳುವಂತಿಲ್ಲ. ‘ಪ್ರಿಲ್’ ಗುಳಿಗೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಉಬ್ಬಸದವರಿಗೆ ಆ ಕೆಮ್ಮು ಬಂದರೆ ಯಾವುದರಿಂದ ಬಂತೆಂದು ತಿಳಿಯದೆ ಗೊಂದಲವಾಗುತ್ತದೆ. ಆಮ್ಲೋಡಿಪಿನ್ ಅಥವಾ ಒಂದು ‘ಸಾರ್ಟನ್’ ಇವರಿಗೆ ಸುಲಭವಾದ ದಾರಿ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲಿನ ಗಿಣ್ಣು ಊದುವುದುಂಟು. ದಿನವಿಡೀ ನಿಂತು ದುಡಿಯುವವರು ಅದನ್ನು ಕೆಲಸದ ಬಾವೆಂದು ತಿಳಿದು ಸುಮ್ಮನಾಗುತ್ತಾರೆ. ಸುಮ್ಮನಿರದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೆ ಗುಳಿಗೆ ಬದಲಿಸುತ್ತಾರೆ.

ಮೂರನೆಯವರು ಕಾವಲು ಕೆಲಸದವರು, ಅರವತ್ತು ದಾಟಿದ ಹಿರಿಯರು. ಆಗಾಗ ಕಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ ಊದಿ, ಬಟ್ಟೆ ತಗುಲಿದರೂ ತಾಳಲಾರದ ನೋವು. ಇದಕ್ಕೆ ಗೌಟ್ ಎನ್ನುತ್ತಾರೆ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕಾಯಿಲೆ. ಮೂತ್ರ ಹೆಚ್ಚಿಸುವ ಗುಳಿಗೆ ಆ ಆಮ್ಲವನ್ನು ಏರಿಸಿ ನೋವನ್ನು ಕರೆತರಬಹುದು. ಲೋಸಾರ್ಟನ್ ಅದನ್ನು ತುಸು ಇಳಿಸುತ್ತದೆ. ಆದ್ದರಿಂದ ಇವರಿಗೆ ಅದು ಅನುಕೂಲ. ಈ ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಕಟ್ಟುವ ತೊಂದರೆಯೂ ಇದೆ ಎನ್ನಿ. ಅದಕ್ಕೆ ಕೊಡುವ ಪ್ರಾಜೋಸಿನ್ ಜಾತಿಯ ಗುಳಿಗೆ ಒತ್ತಡವನ್ನೂ ಇಳಿಸುತ್ತದೆ. ಒಂದು ಕಲ್ಲಿಗೆ ಎರಡು ಹಣ್ಣು ಎನ್ನುವಂತಿಲ್ಲ. ಮೊದಲ ಗುಳಿಗೆಯಲ್ಲೇ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಭಯವಿದೆ. ಆದ್ದರಿಂದ ವಯಸ್ಸಾದವರ ಒತ್ತಡವನ್ನು ಕುಳಿತಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಯಬೇಕು. ಮುದುಕರ ತೊಡೆಯ ಮೂಳೆ ಮುರಿದರೆ ಆಗುವ ಕಷ್ಟ ನಿಮಗೆ ಗೊತ್ತೇ ಇದೆ.

ನಾಲ್ಕನೆಯವರಿಗೆ ಕೆಲವು ತಿಂಗಳ ಹಿಂದೆ ಹೃದಯಾಘಾತವಾಗಿತ್ತು. ಇವರಿಗೆ ವೈದ್ಯರು ಬರೆದುಕೊಟ್ಟಿರುವುದು ಮೆಟೊಪ್ರೊಲಾಲ್ ಮತ್ತು ರಾಮಿಪ್ರಿಲ್. ನೊಂದ ಹೃದಯಕ್ಕೆ ಇವು ರಕ್ಷೆ. ಊರಿಗೆ ಹೋದಾಗ ಗುಳಿಗೆ ಮುಗಿಯಿತೆಂದು ‘ಒಲಾಲ್’ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಬಡಿತ ಏರಿ ಎದೆನೋವು ಮರುಕಳಿಸಬಹುದು. ಬಿಡಬೇಕಾದರೂ ವೈದ್ಯರು ಹೇಳಿದಂತೆ ದಿನೇ ದಿನೇ ಇಳಿಸಿ ಬಿಡಬೇಕು.

ಈಗ ನೋಡಿ. ನಾಲ್ಕನೆಯವರ ಪ್ರಾಣ ಕಾಯುವ ಗುಳಿಗೆ ಎರಡನೆಯವರ ಉಸಿರು ಕಟ್ಟಿಸಬಹುದು. ಎರಡನೆಯವರಿಗೆ ಕ್ಲೋರ್‌ಥಾಲಿಡೋನ್ ಹೊಂದಿದರೂ ಮೂರನೆಯವರಿಗೆ ಅದು ಕಾಲುನೋವಿನ ಮೂಲ. ನಾಲ್ವರದೂ ಅದೇ ಅಂಕಿ, ಅದೇ ಕೋಣೆ. ಅವರ ಟೋಪಿಯನ್ನು ಇವರು ಹಾಕಿಕೊಂಡರೆ ತಲೆಗೆ ಬಿಗಿಯಾದೀತು, ಅಷ್ಟೆ; ಅವರ ಗುಳಿಗೆಯನ್ನು ಇವರು ನುಂಗಿದರೆ ತಲೆಯೇ ಉಳಿಯದೆ ಹೋದೀತು.

ಹೆಂಗಸರ ವಿಷಯವನ್ನು ಬೇರೆಯಾಗಿ ಹೇಳಬೇಕು. ಬಸಿರಿನಲ್ಲಿ ‘ಪ್ರಿಲ್’ ಮತ್ತು ‘ಸಾರ್ಟನ್’ಗಳು ಕೂಡದು, ಅವು ಹೊಟ್ಟೆಯಲ್ಲಿರುವ ಕೂಸಿನ ಮೂತ್ರಪಿಂಡಕ್ಕೆ ಕೇಡು ತರುತ್ತವೆ. ಮೀಥೈಲ್‌ಡೋಪಾ, ಲಾಬೆಟಲಾಲ್, ನಿಧಾನವಾಗಿ ಕೆಲಸ ಮಾಡುವ ನಿಫೆಡಿಪಿನ್, ಇವು ಬಸುರಿಯರಿಗೆ ಕೊಡುವ ಔಷಧಗಳು. ಮನೆಯಾಕೆಗೆ ಒತ್ತಡವಿದ್ದು ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ ಗುಳಿಗೆ ಬದಲಿಸಿಕೊಳ್ಳಬೇಕು. ಗರ್ಭ ನಿಂತದ್ದು ಆಮೇಲೆ ತಿಳಿದರೆ ಅಂದೇ ಹೋಗಿ ತೋರಿಸಬೇಕು. ನೀವು ಇಲ್ಲಿ, ಮನೆಯಾಕೆ ಊರಿನಲ್ಲಿ ಎಂದಾದರೆ ಈ ಮಾತನ್ನು ಇಂದೇ ಫೋನಿನಲ್ಲಿ ತಿಳಿಸಿ. ನಿಮ್ಮ ಚೀಟಿ ತೋರಿಸಿ ಅದೇ ಗುಳಿಗೆಯನ್ನು ಅವರಿಗೂ ಕೊಳ್ಳುವ ಪದ್ಧತಿ ಬೇಡವೇ ಬೇಡ.

ಕಾಯಿಲೆಗಳಷ್ಟೇ ಅಲ್ಲ, ನಾವು ಔಷಧವೆಂದು ಎಣಿಸದೆ ನುಂಗುವ ವಸ್ತುಗಳೂ ಲೆಕ್ಕಕ್ಕೆ ಬರುತ್ತವೆ. ಮೂಟೆ ಹೊತ್ತು ಬೆನ್ನು ನೋಯುವವರು ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಳ್ಳುತ್ತಾರೆ. ಇವು ಒತ್ತಡವನ್ನು ಏರಿಸುತ್ತವೆ. ಮೂತ್ರದ ಗುಳಿಗೆ, ‘ಪ್ರಿಲ್’ ಅಥವಾ ‘ಸಾರ್ಟನ್’, ಇವೆರಡರ ಮೇಲೆ ನೋವಿನ ಗುಳಿಗೆ ಮೂರನೆಯದಾಗಿ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಮೂಗು ಕಟ್ಟಿದ್ದನ್ನು ಬಿಡಿಸುವ ನೆಗಡಿಯ ಗುಳಿಗೆಗಳಲ್ಲಿ ಹಲವು ಒತ್ತಡ ಏರಿಸುತ್ತವೆ. ‘ಕಡಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಕುಂದಿದವರು ‘ಪ್ರಿಲ್’ ಅಥವಾ ‘ಸಾರ್ಟನ್’ ತೆಗೆದುಕೊಳ್ಳುತ್ತಿದ್ದರೆ ಆ ಉಪ್ಪನ್ನೂ, ಆರೋಗ್ಯಕ್ಕೆಂದು ದಿನವೂ ಕುಡಿಯುವ ಎಳನೀರನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ವಾಂತಿ ಭೇದಿಯಾಗಿ ಮೈ ಒಣಗಿದಾಗ ಮೂತ್ರದ ಗುಳಿಗೆಯನ್ನೂ ‘ಪ್ರಿಲ್’, ‘ಸಾರ್ಟನ್’ಗಳನ್ನೂ ಮುಂದುವರಿಸಬೇಕೆ, ಒಂದೆರಡು ದಿನ ತಡೆಯಬೇಕೆ ಎಂದು ಅಂದೇ ಕೇಳಿ ತಿಳಿಯಿರಿ.

ನಿಮ್ಮ ಕೆಲಸ ಎಂತಹದು ಎಂಬುದನ್ನೂ ವೈದ್ಯರಿಗೆ ಹೇಳಿ. ಬೆಂಕಿಯ ಮುಂದೆ ಬೆವರು ಸುರಿಸುವವರು, ಜಾಗ ಬಿಟ್ಟು ಕದಲಲಾಗದ ಕಾವಲುಗಾರರು, ತಾಸುಗಟ್ಟಲೆ ಗಾಡಿ ಓಡಿಸುವವರು, ಇವರಿಗೆ ಮೂತ್ರದ ಗುಳಿಗೆ ಕೊಡುವಾಗ ಹೊತ್ತು ನೋಡಿ ಕೊಡಬೇಕಾಗುತ್ತದೆ. ರಾತ್ರಿ ಪಾಳಿಯವರಿಗೆ ‘ಬೆಳಿಗ್ಗೆ ಒಂದು’ ಎಂಬ ಮಾತು ಹೊಂದುವುದಿಲ್ಲ.

ಇಷ್ಟನ್ನು ಕೇಳಿ ‘ಗುಳಿಗೆಯ ಸಹವಾಸವೇ ಬೇಡ’ ಎಂದು ಯಾರಾದರೂ ತೀರ್ಮಾನಿಸಿದರೆ ನಮ್ಮ ಭಾಷಣ ವ್ಯರ್ಥ. ಗುಳಿಗೆಯಿಲ್ಲದೆ ಬಿಟ್ಟ ಒತ್ತಡ ಪಾರ್ಶ್ವವಾಯುವನ್ನೂ, ಹೃದಯಾಘಾತವನ್ನೂ, ಮೂತ್ರಪಿಂಡದ ನಾಶವನ್ನೂ ತರುತ್ತದೆ. ದುಡಿಯುವ ಕೈ ಬಿದ್ದುಹೋದರೆ ಊರಿನಲ್ಲಿ ಒಲೆ ಉರಿಯುವುದಿಲ್ಲ. ಸರಿಯಾದ ಗುಳಿಗೆ ಸಿಕ್ಕಿದ ಮೇಲೆ ಒತ್ತಡ ಇಳಿದರೂ ಅದನ್ನು ಮುಂದುವರಿಸಬೇಕು. ಇಳಿದಿರುವುದು ಗುಳಿಗೆಯ ಬಲದಿಂದ. ಎರಡು ಜಾತಿಯ ಗುಳಿಗೆ ಬರೆದುಕೊಟ್ಟರೆ ರೋಗ ಉಲ್ಬಣಿಸಿತೆಂದು ಹೆದರಬೇಡಿ. ಅನೇಕರಿಗೆ ಎರಡು ಬೇಕಾಗುತ್ತದೆ. ಖರ್ಚಿನ ಭಯವಿದ್ದರೆ ಜನೌಷಧಿ ಅಂಗಡಿಗಳಲ್ಲಿ ಇವು ಅಗ್ಗವಾಗಿ ಸಿಕ್ಕುತ್ತವೆ. ೨೦೧೭ರಲ್ಲಿ ಮಹಾರಾಷ್ಟ್ರ, ತೆಲಂಗಾಣಗಳೂ ಸೇರಿದಂತೆ ಐದು ರಾಜ್ಯಗಳಲ್ಲಿ ಮೊದಲಾದ ಸರಕಾರಿ ಒತ್ತಡ ನಿಯಂತ್ರಣ ಯೋಜನೆಯು ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್‌ಗಳಂತಹ ಸಾಧಾರಣ ಬೆಲೆಯ ಔಷಧಗಳನ್ನೇ ಆಧಾರವಾಗಿಟ್ಟುಕೊಂಡಿತು.

ಕೊನೆಯದಾಗಿ ಒಂದು ಕೆಲಸ. ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ಗಡಿಬಿಡಿಯಿಂದ ಕೇಳುತ್ತಾರೆ. ಅರ್ಥವಾಗದಿದ್ದರೂ ನಮ್ಮವರು ಸಂಕೋಚದಿಂದ ತಲೆಯಾಡಿಸುತ್ತಾರೆ. ‘ದಮಾ’ ಎಂದರೆ ಉಬ್ಬಸವೆಂದು ತಿಳಿಯದೆ ‘ನಹೀಂ’ ಎಂದುಬಿಟ್ಟರೆ ಆಯ್ಕೆಯೇ ತಪ್ಪುತ್ತದೆ. ಆದ್ದರಿಂದ ಒಂದು ಚೀಟಿಯನ್ನು ಬರೆದು ಕಿಸೆಯಲ್ಲಿಡಿ. ಅದರಲ್ಲಿ ಇಷ್ಟು ಇರಲಿ: ನಿಮಗಿರುವ ಕಾಯಿಲೆಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳು, ನಾಟಿ ಔಷಧ ಮತ್ತು ನೋವಿನ ಗುಳಿಗೆ ಸಹಿತ, ಹಿಂದೆ ಯಾವ ಗುಳಿಗೆಯಿಂದ ಏನು ತೊಂದರೆಯಾಯಿತು, ಕಳೆದ ಎರಡು ಮೂರು ಅಳತೆಗಳು, ತಾರೀಕು ಸಹಿತ, ಕೊನೆಯ ರಕ್ತಪರೀಕ್ಷೆಯ ಫಲ. ಗುಳಿಗೆಯ ಹೆಸರೆಂದರೆ ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ಕಂಪನಿ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು. ಇಲ್ಲಿಯ ವೈದ್ಯರು ಒಂದು ಕಂಪನಿಯದನ್ನೂ ಊರಿನ ವೈದ್ಯರು ಇನ್ನೊಂದು ಕಂಪನಿಯದನ್ನೂ ಕೊಟ್ಟು, ಎರಡೂ ಒಂದೇ ಔಷಧವಾಗಿ, ರೋಗಿ ಇಮ್ಮಡಿ ನುಂಗುವ ಪ್ರಸಂಗ ಬರಬಾರದು. ಇಂಗ್ಲಿಷ್ ಓದಲು ಬಾರದವರು ಗುಳಿಗೆಯ ಪಟ್ಟಿಯನ್ನು ಇಲ್ಲಿಗೆ ತನ್ನಿ. ಈ ವಾಚನಾಲಯದಲ್ಲಿ ಓದಬಲ್ಲ ಗುಮಾಸ್ತರಿಗೆ ಕೊರತೆಯಿಲ್ಲ. ಅರ್ಜಿ ಬರೆದುಕೊಟ್ಟಂತೆ ಈ ಚೀಟಿಯನ್ನೂ ಅವರು ಬರೆದುಕೊಡಲಿ. ಕನ್ನಡದಲ್ಲಿ ನಿಮಗೊಂದು, ಇಂಗ್ಲಿಷಿನಲ್ಲಿ ವೈದ್ಯರಿಗೊಂದು.

ಎದೆ ಹಿಂಡಿದಂತಾದರೆ, ಉಸಿರು ಸಿಕ್ಕದಾದರೆ, ಬಾಯಿ ಸೊಟ್ಟಗಾದರೆ, ಒಂದು ಪಕ್ಕದ ಕೈಕಾಲು ಸೋತರೆ, ಮಾತು ತೊದಲಿದರೆ, ಆಗ ಯಾರ ಒತ್ತಡದ ಗುಳಿಗೆಯನ್ನೂ ಬಾಯಿಗೆ ಹಾಕಬೇಡಿ. ಪಾರ್ಶ್ವವಾಯುವಿನಲ್ಲಿ ಒತ್ತಡವನ್ನು ಥಟ್ಟನೆ ಇಳಿಸಿದರೆ ಮೆದುಳಿಗೆ ರಕ್ತ ಇನ್ನಷ್ಟು ಕಡಮೆಯಾಗಿ ಹಾನಿ ಬೆಳೆಯಬಹುದು. ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ, ಚೀಟಿ ಜತೆಯಲ್ಲಿರಲಿ.

ಕೋಣೆಯ ಗೆಳೆಯನಿಗೆ ಒತ್ತಡವಿದೆ ಎಂದು ತೋರಿದರೆ ನಿಮ್ಮ ಗುಳಿಗೆಯನ್ನು ಕೊಡಬೇಡಿ. ನಿಮ್ಮ ಅರ್ಧ ದಿನವನ್ನು ಕೊಡಿ. ಜತೆಗೆ ಹೋಗಿ ಅಳೆಸಿ, ಅವನ ಪರವಾಗಿ ನಾಲ್ಕು ಮಾತಾಡಿ. ದೂರದ ಊರಿನಲ್ಲಿ ಕನ್ನಡಿಗನು ಕನ್ನಡಿಗನಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದು ಸಣ್ಣದಲ್ಲ.